ಏಪ್ರಿಲ್ ಹತ್ತಕ್ಕೆ ಶಾಲೆಗೆ ಹೋಗಬಾರದು

ನಮ್ಮ ಮನೆಯಲ್ಲಿ ಜಗಳಕ್ಕೇನೂ ಬರವಿರಲಿಲ್ಲ. ನೀರಿಗೊಂದು, ಸೀಮೆಎಣ್ಣೆಗೊಂದು, ಅಪ್ಪನ ಬೀಡಿಗೊಂದು, ಊರಿಂದ ಬಂದ ನೆಂಟರು ಎರಡು ದಿನ ಹೆಚ್ಚಿಗೆ ಉಳಿದರೆ ಅದಕ್ಕೊಂದು. ಅವೆಲ್ಲ ಬಂದ ಹಾಗೇ ಹೋಗುತ್ತಿದ್ದವು. ವರ್ಷಕ್ಕೊಂದೇ ಸಲ, ಹಬ್ಬದ ಹಾಗೆ ತಪ್ಪದೆ ಬರುತ್ತಿದ್ದ ಜಗಳ ಮಾತ್ರ ಬೇರೆ. ಏಪ್ರಿಲ್ ಹತ್ತಕ್ಕೆ ನಾನು ಶಾಲೆಗೆ ಹೋಗಬೇಕೋ ಬೇಡವೋ ಎನ್ನುವ ಜಗಳ ಅದು. ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಏಪ್ರಿಲ್ ಹತ್ತು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪರೀಕ್ಷೆ ಮುಗಿದಿರುತ್ತದೆ, ಪೇಪರು ತಿದ್ದಿ ಆಗಿರುತ್ತದೆ, ಪಾಸಾದವರ ಹೆಸರು ಓದಿ ಮಕ್ಕಳನ್ನು ಬೇಸಿಗೆ ರಜಕ್ಕೆ ಕಳಿಸುವ ದಿನ ಅದು. ಶಾಲೆಯ ವರ್ಷದ ಕೊನೆಯ ದಿನ. ಅಪ್ಪ ಹೋಗಲಿ ಅನ್ನುತ್ತಿದ್ದ, ಅವ್ವ ಬೇಡವೇ ಬೇಡ ಅನ್ನುತ್ತಿದ್ದಳು. ಇಬ್ಬರೂ ಅವರವರ ಮಟ್ಟಿಗೆ ಸರಿಯೇ ಇದ್ದರು ಎಂದು ಈಗ ಅನ್ನಿಸುತ್ತದೆ. ನಡುವೆ ಇದ್ದ ನನ್ನ ಬಗ್ಗೆ ಮಾತ್ರ ಈಗಲೂ ಒಳ್ಳೆಯ ಮಾತು ಬಾಯಿಗೆ ಬರುವುದಿಲ್ಲ.

ನಾವಿದ್ದದ್ದು ಹೂಡಿಯಲ್ಲಿ, ಮುನಿಯಮ್ಮನ ವಠಾರದಲ್ಲಿ. ಮುನಿಯಮ್ಮ ಅದೇ ಊರಿನವಳು. ರಾಗಿ ಬೆಳೆಯುತ್ತಿದ್ದ ಹೊಲವನ್ನು ಅಪಾರ್ಟ್‌ಮೆಂಟಿನವರಿಗೆ ಕೊಟ್ಟು, ಉಳಿದ ತುಂಡು ಜಾಗದಲ್ಲಿ ಎದುರುಬದುರು ನಾಲ್ಕು ನಾಲ್ಕು ಕೋಣೆ ಎಬ್ಬಿಸಿ, ಮೇಲೆ ಸಿಮೆಂಟ್ ಶೀಟು ಹೊದಿಸಿ, ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟಿದ್ದಳು. ಎಂಟು ಮನೆಗಳಲ್ಲಿ ಐದು ನಮ್ಮ ಕಡೆಯವರವೇ, ಕೊಪ್ಪಳ ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರದ್ದು. ನಮ್ಮದೂ ಒಂದೇ ಕೋಣೆ. ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಬಚ್ಚಲು, ಅದಕ್ಕೆ ಅಂಟಿಕೊಂಡೇ ಸ್ಟವ್ ಇಡುವ ಕಲ್ಲು, ಕಲ್ಲಿನ ಮೇಲೆ ಗೋಡೆಗೆ ದೇವರ ಪಟ. ಮೀಯುವಾಗ ಹಾರಿದ ನೀರು ಸಾರಿಗೆ ಬೀಳಬಾರದೆಂದು ಅವ್ವ ನಡುವೆ ಒಂದು ಹಳೆಯ ಸೀರೆ ಕಟ್ಟಿದ್ದಳು. ಎಂಟು ಮನೆಗೂ ಸೇರಿ ಒಂದೇ ಕಕ್ಕಸು, ಗೇಟಿನ ಪಕ್ಕದಲ್ಲಿ. ಅದರ ತಗಡಿನ ಬಾಗಿಲು ಕೆಳಗೆ ಒಂದು ಗೇಣು ತುಕ್ಕು ಹಿಡಿದು ಉದುರಿಹೋಗಿತ್ತು. ಒಳಗೆ ಯಾರ ಕಾಲಿದೆ ಎಂದು ಹೊರಗೆ ನಿಂತವರಿಗೆ ತಿಳಿಯುತ್ತಿತ್ತು. ಬೆಳಗಾದರೆ ಕೊಡ, ಬಕೆಟ್, ಬಣ್ಣದ ಖಾಲಿ ಡಬ್ಬ ಹಿಡಿದವರ ಸಾಲು. ನನ್ನ ಮುಂದೆ ಹೋದವರು ನೀರು ಹಾಕದೆ ಬಂದಿರುತ್ತಿದ್ದರು, ಅವರದನ್ನೂ ತಳ್ಳಿ ನನ್ನದನ್ನು ಮುಗಿಸಿ ಬರಬೇಕು. ಮೂಗು ಮುಚ್ಚಿಕೊಂಡು ಬಾಯಲ್ಲಿ ಉಸಿರಾಡಿದರೆ ಆ ವಾಸನೆ ನಾಲಿಗೆಗೆ ಅಂಟುತ್ತಿತ್ತು. ಥೂ, ಈಗ ಬರೆಯುವಾಗಲೂ ಉಗುಳಬೇಕು ಅನ್ನಿಸುತ್ತದೆ.

ಕಕ್ಕಸು ತೊಳೆಯುವುದಕ್ಕೆ ವಾರಕ್ಕೊಂದು ಮನೆಯ ಪಾಳಿ. ನಮ್ಮ ಪಾಳಿ ಬಂದಾಗ ಅವ್ವನೇ ತೊಳೆಯುತ್ತಿದ್ದಳು. ನಾನು ನೀರು ಕೊಡಲೆಂದು ಬಕೆಟ್ ಹಿಡಿದರೂ ಕೈ ಮೇಲೆ ಒಂದು ಬಿಡುತ್ತಿದ್ದಳು. ಗೇಟಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಎಲ್ಲರ ಮನೆಯ ಉಸಾಬರಿ ಮಾಡುತ್ತಿದ್ದ ಮುನಿಯಮ್ಮನಿಗೆ ಇದು ಕಣ್ಣಿಗೆ ಚುಚ್ಚುತ್ತಿತ್ತು.

"ಮಗೀಗೂ ಒಂಚೂರು ಕೆಲ್ಸ ಕಲ್ಸೇ ಯಲ್ಲವ್ವ. ಇಂಗೇ ಕೂರ್ಸಿ ಸಾಕುದ್ರೆ ನಾಳೆ ಕೊಟ್ಟ ಮನೇಲಿ ಏನ್ ಮಾಡ್ತಾಳೆ?"

"ಆಕಿ ಬ್ಯಾರೆ ಏನರ ಕಲೀತಾಳ ಬಿಡ್ರಿ ಅಮ್ಮ. ಇದನ್ನ ಕಲಿಯೂದು ಬ್ಯಾಡ."

ಅವ್ವ ಕಲಿತಿದ್ದಳು, ಅದೂ ಕ್ರಮವಾಗಿ, ಪಾಠ ಹೇಳಿಸಿಕೊಂಡು. ಊರಲ್ಲಿ ಹೊಲದ ಕೆಲಸ ಮಾಡಿಕೊಂಡಿದ್ದವಳು ಬೆಂಗಳೂರಿಗೆ ಬಂದ ಮೇಲೆ ಗಾಜಿನ ಕಟ್ಟಡದ ಒಂದು ದೊಡ್ಡ ಕಂಪನಿಗೆ ಹೌಸ್ ಕೀಪಿಂಗ್ ಕೆಲಸಕ್ಕೆ ಸೇರಿದ್ದಳು. ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆ ನಾಲ್ಕೂವರೆಗೆ ಬರುತ್ತಿದ್ದಳು. ಅಲ್ಲಿ ಸೂಪರ್‌ವೈಸರು ಹೊಸಬರನ್ನು ಸಾಲಾಗಿ ನಿಲ್ಲಿಸಿ, ಕೆಂಪು ಬಟ್ಟೆ ಕಕ್ಕಸಿಗೆ, ಹಳದಿ ಕೈ ತೊಳೆಯುವ ಬೇಸಿನ್ನಿಗೆ, ನೀಲಿ ಮೇಜಿಗೆ, ಹಸಿರು ಊಟದ ಜಾಗಕ್ಕೆ ಎಂದು ಬಾಯಿಪಾಠ ಮಾಡಿಸಿದ್ದನಂತೆ. ಓದು ಬಾರದ ಅವ್ವನಿಗೆ ಬಣ್ಣ ಚೆನ್ನಾಗಿ ಬರುತ್ತಿತ್ತು. ತೊಳೆಯುವುದಕ್ಕೂ ಒಂದು ಕ್ರಮ. ಮೊದಲು ಒಣ ಕಸ, ಕೂದಲು ತೆಗೆಯಬೇಕು. ಪುಡಿ ಹಾಕಿ ನೆನೆಯಲು ಬಿಟ್ಟು ಅಷ್ಟರಲ್ಲಿ ಗೋಡೆ ತಿಕ್ಕಬೇಕು. ಮೂಲೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ನೀರನ್ನು ಒಳಗಿನಿಂದ ಬಾಗಿಲ ಕಡೆಗೆ ಹೊಡೆಯುತ್ತಾ ಹಿಂದಕ್ಕೆ ಹೆಜ್ಜೆ ಹಾಕಬೇಕು, ತನ್ನ ಕಾಲಿನ ಗುರುತು ತಾನೇ ಅಳಿಸಿಕೊಂಡು ಬರುವ ಹಾಗೆ. ಫಿನಾಯಿಲ್ ಎಲ್ಲಕ್ಕಿಂತ ಕೊನೆಗೆ. ಇದೆಲ್ಲ ನನಗೆ ಅವಳು ಹೇಳಿಕೊಟ್ಟದ್ದಲ್ಲ. ನಮ್ಮ ಪಾಳಿಯ ದಿನ ದೂರ ನಿಂತು ನೋಡಿ ನಾನೇ ಕಲಿತದ್ದು. ಮಕ್ಕಳು ಬೇಡ ಅಂದದ್ದನ್ನೇ ಗಮನವಿಟ್ಟು ಕಲಿಯುತ್ತವೆ.

ಕೆಲಸದಿಂದ ಬಂದವಳು ನಮ್ಮನ್ನು ಮುಟ್ಟುತ್ತಿರಲಿಲ್ಲ. ಚಪ್ಪಲಿ ಗೇಟಿನ ಹತ್ತಿರವೇ ಬಿಟ್ಟು, ಎರಡೂ ಕೈ ಮೈಯಿಂದ ದೂರ ಹಿಡಿದು, ಯಾರಿಗೂ ತಗಲದ ಹಾಗೆ ನೇರ ಬಚ್ಚಲಿಗೆ ಇಳಿಯುತ್ತಿದ್ದಳು. ಮಿಂದು, ತಲೆಗೆ ಬಟ್ಟೆ ಸುತ್ತಿಕೊಂಡು, ದೇವರಿಗೆ ದೀಪ ಹಚ್ಚಿ, ಆಮೇಲೆ ಜೋಳದ ಹಿಟ್ಟಿಗೆ ಕೈ ಹಾಕುತ್ತಿದ್ದಳು. ಊರಿಂದ ಬಂದ ಹಿಟ್ಟು ಮುಗಿಯುವ ತನಕ ರೊಟ್ಟಿ, ಮುಗಿದ ಮೇಲೆ ಅನ್ನ. ರೊಟ್ಟಿ ಬಡಿಯುವ ಸದ್ದು ಕೇಳಿದರೆ ಅಕ್ಕಪಕ್ಕದ ಮಕ್ಕಳೂ ಬಾಗಿಲಿಗೆ ಬರುತ್ತಿದ್ದವು. ಒಂದು ಸಂಜೆ, ನಾನಾಗ ನಾಲ್ಕನೇ ಕ್ಲಾಸಿರಬೇಕು, ಹೆಂಚಿನಿಂದ ಇಳಿದ ಬಿಸಿ ರೊಟ್ಟಿ ಮೂಗಿನ ಹತ್ತಿರ ಹಿಡಿದು ಕೆಳಗಿಟ್ಟೆ.

"ಅವ್ವ, ರೊಟ್ಟಿ ಫಿನಾಯಿಲ್ ನಾರ್ತೈತಿ."

ಅಪ್ಪ ಕೂತಲ್ಲಿಂದಲೇ ಕೆನ್ನೆಗೆ ಬಾರಿಸಿದ. ಅವ್ವ ಅವನನ್ನು ತಡೆಯಲೂ ಇಲ್ಲ, ನನ್ನನ್ನು ಬೈಯಲೂ ಇಲ್ಲ. ಆ ರೊಟ್ಟಿ ಎತ್ತಿ ತಾನೇ ಮೂಸಿ ನೋಡಿದಳು, ಮುರಿದು ತಾನೇ ತಿಂದಳು. ಮಾರನೆಯ ದಿನದಿಂದ ಅರ್ಧ ನಿಂಬೆಹಣ್ಣು ಬಚ್ಚಲ ಕಟ್ಟೆಯ ಮೇಲೆ ಬಂತು. ಮಿಂದಾದ ಮೇಲೆ ಉಗುರಿಗೆಲ್ಲ ಅದನ್ನು ತಿಕ್ಕಿ, ಕೈ ಚಾಚಿ, ನೋಡು ಈಗ ಎಂದು ನನ್ನಿಂದ ಮೂಸಿಸಿ ಆಮೇಲೆ ಹಿಟ್ಟು ಮುಟ್ಟುತ್ತಿದ್ದಳು. ನಾನು ದೊರೆಸಾನಿಯ ಹಾಗೆ ಮೂಸಿ, ಹೂಂ, ಆಗಲಿ ಅನ್ನುತ್ತಿದ್ದೆ. ರೊಟ್ಟಿ ನಿಜಕ್ಕೂ ಆ ದಿನ ನಾರುತ್ತಿತ್ತೋ ಇಲ್ಲವೋ ನನಗೆ ಈಗ ಖಾತ್ರಿಯಿಲ್ಲ. ನಾರುತ್ತಿದ್ದರೂ ಅದನ್ನು ಬಾಯಿಬಿಟ್ಟು ಹೇಳಿದ ನಾಲಿಗೆ ಎಂಥದ್ದು ಎಂದು ಯೋಚಿಸಿದರೆ ಅಸಹ್ಯವಾಗುತ್ತದೆ.

ಏಪ್ರಿಲ್ ಹತ್ತರ ಜಗಳ ಹುಟ್ಟಿದ್ದು ಅದಕ್ಕಿಂತ ಹಿಂದಿನ ವರ್ಷ. ನನ್ನನ್ನು ಊರಿಂದ ಬಿಡಿಸಿ ಇಲ್ಲಿ ಮೂರನೇ ಕ್ಲಾಸಿಗೆ ಸೇರಿಸಿದ್ದರು. ಶಾಲೆ ಎಲ್ಲಿತ್ತು, ಅದರ ಹೆಸರೇನು ಎಂದು ನಾನು ಹೇಳುವುದಿಲ್ಲ. ರೈಲು ಹಳಿ ದಾಟಿ ಹೋಗಬೇಕಿತ್ತು, ಅಷ್ಟು ಸಾಕು. ವರ್ಷದ ಕೊನೆಯ ದಿನ ಅಲ್ಲಿ ಪಾಠವಿಲ್ಲ, ಪೂರ್ತಿ ಶಾಲೆ ತೊಳೆಯುವ ಕೆಲಸ. ತೊಳೆಯುವುದು ತಪ್ಪಲ್ಲ, ನಾವು ಕೂತ ಜಾಗ ನಾವೇ ತೊಳೆಯಬೇಕು. ಆದರೆ ಯಾರು ಏನು ತೊಳೆಯಬೇಕು ಎಂದು ಹಂಚುವುದರಲ್ಲಿ ಮಿಸ್ಸುಗಳ ಬಣ್ಣ ಬಯಲಾಗುತ್ತಿತ್ತು. ಊರಿನ ಮನೆಗಳ ಮಕ್ಕಳಿಗೆ, ಅಂಗಡಿಯವರ ಮಕ್ಕಳಿಗೆ ಮ್ಯಾಪು ಸುತ್ತಿಡುವ, ಮೇಜಿನ ಧೂಳು ಹೊಡೆಯುವ ಕೆಲಸ. ನಡುವಿನವರಿಗೆ ಬೆಂಚು ತೊಳೆಯುವುದು. ಶೆಡ್ಡು, ವಠಾರಗಳಿಂದ ಬಂದ ನಮ್ಮಂಥವರಿಗೆ ಕಕ್ಕಸು. ಆ ವರ್ಷ ನನ್ನನ್ನು ಎಲ್ಲಿ ಹಾಕುವುದೆಂದು ಸುಮಿತ್ರಾ ಮಿಸ್‌ಗೆ ತಕ್ಷಣ ತೋಚಲಿಲ್ಲ, ಹೊಸಬಳಲ್ಲವೇ, ಕೇಳಿದರು.

"ನಿಮ್ಮಮ್ಮ ಏನ್ ಕೆಲ್ಸ ಮಾಡ್ತಾರೆ ಗಂಗಾ?"

"ಹೌಸ್ ಕೀಪಿಂಗ್ ಮಿಸ್."

"ಹೌದಾ. ಹಾಗಾದ್ರೆ ನೀನು ಈ ಕಡೆ ಬಾ. ನಿನಗೆ ಗೊತ್ತಿರುತ್ತೆ."

ಎಂಟು ವರ್ಷದ ನನಗೆ ಅದು ಹೊಗಳಿಕೆಯ ಹಾಗೆ ಕೇಳಿಸಿತು. ನಿನಗೆ ಗೊತ್ತಿರುತ್ತೆ ಎಂದು ಅದುವರೆಗೆ ಆ ಶಾಲೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಮನೆಗೆ ಹಾರಿಕೊಂಡು ಬಂದು ಅವ್ವನ ಮುಂದೆ ಜಂಬ ಕೊಚ್ಚಿದೆ, ಮಿಸ್ ನನ್ನನ್ನೇ ಆರಿಸಿದರು, ಶಹಬ್ಬಾಸ್ ಅಂದರು ಎಂದು. ಅವ್ವ ನನ್ನ ಎರಡೂ ಕೈ ಹಿಡಿದು ಮೂಸಿದಳು. ನೀರು ಕಾಯಿಸಿ, ಪಾತ್ರೆ ತಿಕ್ಕುವ ನಾರಿನಿಂದ ಮೊಣಕೈವರೆಗೆ ತಿಕ್ಕಿದಳು. ಉರಿಯುತ್ತದೆ ಎಂದು ನಾನು ಕಿರುಚಿದರೂ ಬಿಡಲಿಲ್ಲ.

"ನಾ ಯಾಕ ಆ ಕೆಲಸ ಮಾಡಾಕತ್ತೀನಿ ಗೊತ್ತೈತೇನು? ನೀ ಅದನ್ನ ಮಾಡಬಾರದಂತ. ಅದಕ್ಕ ಒಂದಕ್ಕ. ಇನ್ನ ಮ್ಯಾಲ ಆ ಕಡೀ ದಿನ ಸಾಲಿಗೆ ಹೋಗಿ ನೋಡು, ಕಾಲ ಮುರೀತೀನಿ. ಅವ್ವ ಏನ ಮಾಡ್ತಾಳಂತ ಕೇಳಿದ್ರ ಕಂಪನಿಗೆ ಹೋಗ್ತಾಳಂತ ಹೇಳು. ಅಷ್ಟ."

ಶಾಲೆಗೆ ಹೋಗಿ ಯಾಕೆ ಕೇಳಲಿಲ್ಲ ಎಂದು ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ. ಯಾರ ಹತ್ರ ಕೇಳೂದು ಅಂದಳು. ಶಾಲೆಗೆ ಸೇರಿಸಲು ಹೋದವನು ಅಪ್ಪ, ಸಹಿ ಹಾಕಿದವನೂ ಅಪ್ಪ. ಅವ್ವ ಆ ಗೇಟಿನ ಒಳಗೆ ಕಾಲಿಟ್ಟಿರಲಿಲ್ಲ. ಮಿಸ್ಸುಗಳಿಗೆ ಅವಳ ಮುಖವೇ ಗೊತ್ತಿರಲಿಲ್ಲ.

ಹಾಗಾಗಿ ನಾಲ್ಕನೇ, ಐದನೇ, ಆರನೇ ಕ್ಲಾಸುಗಳ ಕೊನೆಯ ದಿನ ನಾನು ವಠಾರದಲ್ಲೇ ಕೂತೆ. ಪಾಸೋ ನಪಾಸೋ ಎಂದು ಪಕ್ಕದ ಮನೆಯ ಹುಡುಗಿಯಿಂದ ತಿಳಿಯಬೇಕು. ಅಪ್ಪನಿಗೆ ಇದು ತಡೆಯಲಾಗುತ್ತಿರಲಿಲ್ಲ. ಅವನು ಊರಲ್ಲಿ ನಾಲ್ಕು ವರ್ಷ ಶಾಲೆಗೆ ಹೋದವನು, ಆದರೆ ಒಂದು ವರ್ಷದ ಕೊನೆಯ ದಿನವನ್ನೂ ನೋಡಿದವನಲ್ಲ. ಸಂಕ್ರಾಂತಿ ಕಳೆದರೆ ಅವರ ಮನೆಯವರೆಲ್ಲ ಗುಳೆ ಎದ್ದು ಕಬ್ಬು ಕಡಿಯಲು ಹೋಗಬೇಕು, ಪುಸ್ತಕ ಅಲ್ಲಿಗೇ ಬಂದ್. ಮುಂದಿನ ವರ್ಷ ಮತ್ತೆ ಮೊದಲಿನಿಂದ. ತಾನು ಯಾವ ಕ್ಲಾಸು ಪಾಸಾದೆ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಸುರು ಮಾಡಿದ್ದು ಮುಗಿಸಿ ಬರೂದು ಬ್ಯಾಡೇನು ಎಂದು ಅವನು ಕೇಳಿದಾಗ ಅವನ ದನಿಯಲ್ಲಿ ಆ ನಾಲ್ಕು ವರ್ಷಗಳೂ ಇರುತ್ತಿದ್ದವು. ಈಗ ನನ್ನ ಮಗಳ ಶಾಲೆಯ ತಾಯಂದಿರ ಗ್ರೂಪಿನಲ್ಲಿ ಪ್ರತಿ ವರ್ಷ ಇದೇ ಚರ್ಚೆ ನಡೆಯುತ್ತದೆ. ಕೊನೆಯ ದಿನ ಏನೂ ಕಲಿಸಲ್ಲ, ಕಳಿಸೋದ್ಯಾಕೆ, ಹಿಂದಿನ ದಿನವೇ ಊರಿಗೆ ಹೊರಟರೆ ರಶ್ ಇರಲ್ಲ ಎಂದು. ಓದಿ ಫೋನು ಕೆಳಗಿಡುತ್ತೇನೆ. ಇವರಿಗೆ ನಾನು ಏನೆಂದು ಹೇಳಲಿ.

ಏಳನೇ ಕ್ಲಾಸು ಆ ಶಾಲೆಯ ಕೊನೆಯ ಕ್ಲಾಸು. ಮುಗಿಸಿದವರಿಗೆ ಏಪ್ರಿಲ್ ಹತ್ತರಂದೇ ಗ್ರೂಪ್ ಫೋಟೊ. ಎರಡು ತಿಂಗಳಿಂದ ಹುಡುಗಿಯರ ಬಾಯಲ್ಲಿ ಅದೊಂದೇ ಮಾತು, ಯಾರು ಯಾರ ಪಕ್ಕ ನಿಲ್ಲಬೇಕು, ರಿಬ್ಬನ್ ಯಾವ ಬಣ್ಣ ಎಂದು. ನನಗೆ ಆ ಫೋಟೊ ಬೇಕೇ ಬೇಕಾಗಿತ್ತು. ಹಿಂದಿನ ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಅಪ್ಪನೇ ಮಾತು ತೆಗೆದ.

"ಏಳನೇತ್ತ ಮುಗಿಸಿ ಆ ಸಾಲಿನ ಬಿಡಾಕತ್ತಾಳ. ಪೋಟೋ ತೆಗೀತಾರಂತ. ಹೋಗ್ಲಿ ಬಿಡು ಈ ಸಲ."

"ಪೋಟೋ ಸ್ಟುಡಿಯೋದಾಗ ತೆಗಸೂಣು."

"ಸ್ಟುಡಿಯೋದಾಗ ಆಕಿ ಗೆಳತ್ಯಾರು ಇರ್ತಾರೇನು?"

"ಅಲ್ಲಿ ಏನ ಮಾಡಸ್ತಾರ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ."

"ಈಗ ದೊಡ್ಡಾಕಿ ಆಗ್ಯಾಳ. ಮಾಡಂದ್ರ ಒಲ್ಲೆ ಅಂತ ಹೇಳ್ತಾಳ. ಬಾಯಿ ಇಲ್ಲೇನು ಆಕಿಗೆ?"

ಅವ್ವ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಹೇಳ್ತೀಯೇನು? ಒಲ್ಲೆ ಅಂತ?"

"ಹೇಳ್ತೀನಿ ಅವ್ವ. ದೇವರಾಣಿ."

ಅವಳು ಪಟದ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ನಂಬಿಕೆ ಬರಲಿಲ್ಲ ಅನ್ನಿಸುತ್ತದೆ. ಬ್ಯಾಡ, ನಾ ಬರೂತನಕ ಮನ್ಯಾಗ ಇರು, ಅಷ್ಟೇ ಅಂದಳು. ಆ ಮೇಲೆ ಅಪ್ಪನೂ ಅವಳೂ ಜೋರಾಗಿಯೇ ಜಗಳವಾಡಿದರು. ರೊಟ್ಟಿ ಒಂದು ಬದಿ ಸೀದುಹೋಯಿತು, ಸೀದದ್ದನ್ನೇ ಮೂವರೂ ತಿಂದೆವು. ಬೆಳಿಗ್ಗೆ ಆರಕ್ಕೆ ಅವ್ವ ಹೊರಟುಹೋದಳು. ಆ ದಿನ ಅಪ್ಪನ ಕೆಲಸದ ಜಾಗಕ್ಕೆ ಸಿಮೆಂಟು ಬಂದಿರಲಿಲ್ಲ, ಅವನು ಮನೆಯಲ್ಲೇ ಇದ್ದ. ನನ್ನ ಜಡೆ ತಾನೇ ಸೊಟ್ಟಗೆ ಹೆಣೆದು, ರಿಬ್ಬನ್ ಕಟ್ಟಿ, ಹೋಗಿ ಬಾ, ನಿಮ್ಮವ್ವಗ ನಾ ಹೇಳ್ತೀನಿ ಅಂದ.

ಶಾಲೆಯಲ್ಲಿ ಆ ದಿನ ಎಂದಿಗಿಂತ ಹೆಚ್ಚು ಗಡಿಬಿಡಿ. ಯಾವುದೋ ಕಂಪನಿಯವರು ಹನ್ನೊಂದು ಗಂಟೆಗೆ ಬರುತ್ತಾರಂತೆ. ಬಂದು ನಮ್ಮ ಶಾಲೆಯನ್ನು ಸ್ವಚ್ಛ ಮಾಡಿ, ಗೋಡೆಗೆ ಬಣ್ಣ ಬಳಿದು, ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಹೋಗುತ್ತಾರಂತೆ. ಅದಕ್ಕೇ ಹೆಡ್ ಮಿಸ್ ಎಂಟೂವರೆಗೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅವರು ಬರುವಷ್ಟರಲ್ಲಿ ಇಡೀ ಶಾಲೆ ಸ್ವಚ್ಛವಾಗಿರಬೇಕು, ದೊಡ್ಡ ಕಂಪನಿಯವರು, ಮೂಗು ಮುಚ್ಚಿಕೊಂಡು ಹೋಗುವ ಹಾಗಾಗಬಾರದು ಅಂದರು. ಸ್ವಚ್ಛ ಮಾಡಲು ಬರುವವರಿಗೆ ಹೇಸಿಗೆಯಾಗದಿರಲಿ ಎಂದು ಮಕ್ಕಳ ಕೈಯಲ್ಲಿ ಮೊದಲೇ ಸ್ವಚ್ಛ ಮಾಡಿಸುವ ಬುದ್ಧಿ. ನಲವತ್ತು ವರ್ಷ ಪಾಠ ಹೇಳಿದರೂ ಇಂಥ ಬುದ್ಧಿ ಎಲ್ಲಿಂದ ಬರುತ್ತದೋ, ಛೀ. ಕೆಲಸ ಹಂಚುವ ಸರದಿ ಬಂದಾಗ ಸುಮಿತ್ರಾ ಮಿಸ್ ಈ ಸಲ ಯಾರ ತಾಯಿ ಏನು ಎಂದು ಕೇಳಲಿಲ್ಲ.

"ಟಾಯ್ಲೆಟ್ ಯಾರು ನೀಟಾಗಿ ಮಾಡ್ತೀರೋ ಅವ್ರಿಗೆ ಗ್ರೂಪ್ ಫೋಟೊದಲ್ಲಿ ಮುಂದೆ ಕುರ್ಚಿ. ಹೆಡ್ ಮಿಸ್ ಪಕ್ಕಾನೇ."

ಯಾರೂ ಕೈ ಎತ್ತಲಿಲ್ಲ. ನಾನು ಕ್ಲಾಸಿನಲ್ಲೇ ಎತ್ತರದವಳು. ಪ್ರಾರ್ಥನೆಗೆ ಹಿಂದೆ, ಕವಾಯತಿಗೆ ಹಿಂದೆ, ಬೆಂಚಿನಲ್ಲಿ ಹಿಂದೆ. ಫೋಟೊದಲ್ಲೂ ಯಾರದೋ ತಲೆಯ ಹಿಂದೆ ನನ್ನ ಅರ್ಧ ಮುಖ ಬರುತ್ತದೆ ಎಂದು ನನಗೆ ಗೊತ್ತಿತ್ತು. ಕುರ್ಚಿ ಎಂದ ಕೂಡಲೇ ನನ್ನ ಕೈ ಮೇಲೆ ಹೋಯಿತು. ಯಾರೂ ನನ್ನನ್ನು ಎಳೆದುಕೊಂಡು ಹೋಗಲಿಲ್ಲ, ಗದರಿಸಲಿಲ್ಲ. ಹಿಂದಿನ ಸಂಜೆ ದೇವರಾಣೆ ಮಾಡಿದ ನಾನೇ, ಒಲ್ಲೆ ಎಂದು ಹೇಳಬೇಕಾಗಿದ್ದ ಬಾಯಲ್ಲೇ, ನಾನು ಮಾಡ್ತೀನಿ ಮಿಸ್ ಅಂದೆ.

ವರ್ಷವಿಡೀ ಯಾರೂ ತೊಳೆಯದ ಜಾಗ ಅದು. ಒಣಗಿ ಕಪ್ಪಗೆ ಅಂಟಿದ್ದು, ಹಳದಿಯಾಗಿ ಪದರಗಟ್ಟಿದ್ದು, ಮೂಲೆಯಲ್ಲಿ ಸುತ್ತಿ ಎಸೆದ ಬಟ್ಟೆ, ಸತ್ತ ಜಿರಳೆ. ಬಾಗಿಲು ತೆಗೆದ ಕೂಡಲೇ ನೊಣ ಮುಖಕ್ಕೇ ಬಂದವು. ಮಿಸ್ ನನ್ನ ಜೊತೆಗೆ ಹಾಕಿದ್ದ ಇಬ್ಬರು ಹುಡುಗಿಯರು ಎರಡು ಬಕೆಟ್ ನೀರು ತಂದು ಹೊರಗಿಟ್ಟು ಓಡಿಹೋದರು. ನಾನು ಲಂಗ ಮೇಲೆ ಸಿಕ್ಕಿಸಿಕೊಂಡು ಒಳಗೆ ಹೋದೆ. ಮೊದಲು ಒಣ ಕಸ ತೆಗೆದೆ. ಬ್ಲೀಚಿಂಗ್ ಪುಡಿ ಹಾಕಿ ನೆನೆಯಲು ಬಿಟ್ಟು ಗೋಡೆ ತಿಕ್ಕಿದೆ. ಹಲ್ಲುಜ್ಜುವ ಬ್ರಷ್ಷು ಇರಲಿಲ್ಲ, ತೆಂಗಿನ ಕಡ್ಡಿಗೆ ಬಟ್ಟೆ ಸುತ್ತಿ ಮೂಲೆಗಳನ್ನು ಕೆರೆದೆ. ಬಾಗಿಲ ಹಿಂದೆಯೂ ಬಿಡಲಿಲ್ಲ. ಒಳಗಿನಿಂದ ಹೊರಗೆ ನೀರು ಹೊಡೆಯುತ್ತಾ ಹಿಂದಕ್ಕೆ ಹೆಜ್ಜೆ ಹಾಕಿದೆ, ಕೊನೆಗೆ ಫಿನಾಯಿಲ್ ಚಿಮುಕಿಸಿದೆ. ಎರಡು ಸಲ ಓಕರಿಕೆ ಬಂತು, ನುಂಗಿಕೊಂಡೆ. ಮುಗಿಸಿ ಹೊರಗೆ ನಿಂತು ನೋಡಿದಾಗ ನೆಲದ ಕಲ್ಲು ತನ್ನ ಬಣ್ಣಕ್ಕೆ ಬಂದಿತ್ತು, ನನಗೆ ಹೆಮ್ಮೆಯೇ ಆಯಿತು. ಸುಳ್ಳು ಯಾಕೆ ಹೇಳಲಿ.

ಹನ್ನೊಂದಕ್ಕೆ ಎರಡು ವ್ಯಾನು ಬಂದವು. ಮೊದಲನೆಯದರಿಂದ ಒಂದೇ ಬಣ್ಣದ ಟೀ ಶರ್ಟು ಹಾಕಿದ ಹದಿನೈದು ಇಪ್ಪತ್ತು ಜನ ಇಳಿದರು, ಗಂಡಸರು ಹೆಂಗಸರು, ಎಲ್ಲರ ಕೈಗೂ ಆಗಷ್ಟೇ ಪ್ಯಾಕಿನಿಂದ ತೆಗೆದ ಗ್ಲೌಸು. ಎರಡನೆಯದರಿಂದ ಬಕೆಟ್, ಮಾಪು, ಫಿನಾಯಿಲ್ ಕ್ಯಾನು ಇಳಿಸಿಕೊಂಡು ಮೂವರು ಹೌಸ್ ಕೀಪಿಂಗಿನವರು ಇಳಿದರು. ಸೀರೆಯ ಮೇಲೆ ಬೂದು ಬಣ್ಣದ ಅಂಗಿ, ತಲೆಗೆ ಟೋಪಿ. ಮೂರನೆಯವಳು ಅವ್ವ. ಯಾವುದೋ ಶಾಲೆಗೆ ಹೋಗಬೇಕೆಂದು ಅವಳಿಗೆ ಆ ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆ ಹೇಳಿದ್ದರಂತೆ, ಯಾವ ಶಾಲೆ ಎಂದು ವ್ಯಾನು ಹಳಿ ದಾಟುವ ತನಕ ಗೊತ್ತಿರಲಿಲ್ಲವಂತೆ. ನಾನು ಕಕ್ಕಸಿನ ಮೆಟ್ಟಿಲ ಮೇಲೆ ಪೊರಕೆ ಹಿಡಿದು ನಿಂತಿದ್ದೆ, ಲಂಗದ ಅಂಚು ಒದ್ದೆ. ಅವ್ವನ ಕಣ್ಣು ಲಂಗದ ಮೇಲೆ ಬಂತು, ಪೊರಕೆಯ ಮೇಲೆ ಬಂತು, ಆಮೇಲೆ ಬೇರೆ ಕಡೆ ಹೋಯಿತು. ನಾನು ಯಾರೋ ಎಂಬಂತೆ ಅವಳು ಬಕೆಟ್ ಎತ್ತಿಕೊಂಡು ಮುಂದೆ ನಡೆದಳು. ಅವಳು ನನ್ನನ್ನು ಗುರುತು ಹಿಡಿಯದ ಹಾಗೆ ನಡೆದುಕೊಂಡದ್ದು ನನಗೆ ಎಷ್ಟು ಸಮಾಧಾನ ಕೊಟ್ಟಿತೆಂದರೆ, ಆ ಸಮಾಧಾನವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಟೀ ಶರ್ಟಿನವರ ಮುಂದಾಳು ಒಬ್ಬ ಮೇಡಂ, ನಗುಮುಖದವರು. ಅವರ ಪಕ್ಕ ಕ್ಯಾಮೆರಾ ಹಿಡಿದವನೊಬ್ಬ ಕಕ್ಕಸಿನೊಳಗೆ ಇಣುಕಿ, ಅಯ್ಯೋ, ಇದು ಆಗ್ಲೇ ಕ್ಲೀನಾಗಿದೆ, ತೊಳೆಯೋಕ್ ಮುಂಚಿನ ಫೋಟೊ ಇಲ್ವಲ್ಲ ಎಂದು ಬೇಜಾರು ಮಾಡಿಕೊಂಡ. ಸುಮಿತ್ರಾ ಮಿಸ್ ನನ್ನ ಭುಜ ಹಿಡಿದು ಮುಂದೆ ತಳ್ಳಿದರು.

"ಇವ್ಳೇ ಮೇಡಂ ತೊಳ್ದಿದ್ದು, ಒಬ್ಳೇ. ನೋಡಿ ಎಷ್ಟ್ ನೀಟಾಗಿ ಮಾಡಿದಾಳೆ, ಟ್ರೈನಿಂಗ್ ಕೊಟ್ಟಂಗೆ."

"ವಾವ್. ಯಲ್ಲಮ್ಮ, ನೋಡಿ ಇಲ್ಲಿ, ನಿಮಗಿಂತ ಚೆನ್ನಾಗಿ ಮಾಡಿದಾಳೆ. ಓದು ಮುಗಿಸ್ಲಿ, ನಮ್ಮಲ್ಲೇ ಕೆಲಸಕ್ಕೆ ತಗೊಂಡ್ಬಿಡೋಣ."

ಎಲ್ಲರೂ ನಕ್ಕರು. ಮಿಸ್ಸೂ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು, ಮಕ್ಕಳೂ ತಟ್ಟಿದವು. ನಾನೂ ನಕ್ಕೆ, ನಗುವುದೆಂದರೆ ಹಲ್ಲು ತೋರಿಸಿದೆ. ಆ ಮೇಡಂ ಕೆಟ್ಟವರೇನಲ್ಲ. ಅದೇ ನನಗೆ ಹೆಚ್ಚು ಅಸಹ್ಯ, ಆ ಮಾತು ಅವರ ಬಾಯಿಂದ ಅಷ್ಟು ಹಗುರಾಗಿ, ಪ್ರೀತಿಯಿಂದಲೇ ಬಂತು. ಅವ್ವ ಯಾರ ಮುಖವನ್ನೂ ನೋಡದೆ ಬಕೆಟ್ ತೆಗೆದುಕೊಂಡು ಕಕ್ಕಸಿನೊಳಗೆ ಹೋಗಿ ಚಿಲಕ ಹಾಕಿಕೊಂಡಳು. ಒಳಗಿನಿಂದ ನೀರು ಸುರಿಯುವ ಸದ್ದು, ತಿಕ್ಕುವ ಸದ್ದು, ಮತ್ತೆ ನೀರು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಕ್ಯಾಮೆರಾದವನು ಗಡಿಯಾರ ನೋಡಿಕೊಂಡ. ಮೇಡಂ ಎರಡು ಸಲ, ಆಯ್ತಾ ಯಲ್ಲಮ್ಮ ಎಂದು ಕೂಗಿದರು. ಬಾಗಿಲು ತೆಗೆದು ಬಂದಾಗ ಅವ್ವನ ಕಣ್ಣು ಕೆಂಪಗಿದ್ದವು, ಬ್ಲೀಚಿಂಗಿನ ಘಾಟಿಗೆ ಇರಬೇಕು ಅಂದುಕೊಂಡೆ.

"ಇದನ್ನ ತೊಳದದ್ದು ಅಂತಾರೇನ್ರಿ ಮೇಡಂ? ಹೊಲಸು ಹಂಗ ಐತಿ. ಎಲ್ಲಾ ಮತ್ತ ಮಾಡಬೇಕಾತು."

ಆಮೇಲೆ ನನ್ನ ಕಡೆ ತಿರುಗಿದಳು. ಆ ಇಡೀ ದಿನ ಶಾಲೆಯಲ್ಲಿ ನನ್ನೊಡನೆ ಅವಳು ಆಡಿದ ಮಾತು ಅದೊಂದೇ.

"ಏ ಹುಡುಗಿ, ನಿನಗ ಈ ಕೆಲಸ ಬರಂಗಿಲ್ಲ. ಸಾಯೂತನಕ ಬರಂಗಿಲ್ಲ. ಪೊರಕಿ ಕೆಳಗಿಡು, ಹೋಗಿ ಕೈ ತೊಳಕೋ."

ಸುಮಿತ್ರಾ ಮಿಸ್ ಮುಖ ಕಪ್ಪಿಟ್ಟಿತು. ಏನೇ ಗಂಗಾ, ಬಂದವ್ರ ಮುಂದೆ ಮಾನ ತೆಗೆದ್ಯಲ್ಲೇ, ಸರಿಯಾಗಿ ಮಾಡಕ್ಕಾಗಲ್ಲ ಅಂದ್ರೆ ಕೈ ಯಾಕ್ ಎತ್ತಿದೆ ಅಂದರು. ನನ್ನ ಕುರ್ಚಿ, ಮೇಜಿನ ಧೂಳು ಹೊಡೆದಿದ್ದ ಒಬ್ಬ ಹುಡುಗಿಗೆ ಹೋಯಿತು. ನಾನು ಎಂದಿನಂತೆ ಹಿಂದೆ ನಿಂತೆ. ನನ್ನ ಮುಂದೆ ಇಬ್ಬರು ಟೀ ಶರ್ಟಿನವರು ಬಂದು ನಿಂತರು. ಫೋಟೊ ತೆಗೆಯುವವನು ಕೈ ಬೀಸಿ, ಬಕೆಟ್ ಆ ಕಡೆ ತಗೊಳಮ್ಮ, ಫ್ರೇಮಲ್ಲಿ ಬರುತ್ತೆ ಅಂದ. ಅವ್ವ ಬಕೆಟ್ಟೂ ತೆಗೆದುಕೊಂಡು ತಾನೂ ಗೋಡೆಯ ಮರೆಗೆ ಹೋದಳು. ಆಮೇಲೆ ಪಾಸಾದವರ ಹೆಸರು ಓದಿದರು, ನಾನು ಪಾಸು. ಎಲ್ಲರಿಗೂ ಜ್ಯೂಸಿನ ಪ್ಯಾಕೆಟ್ ಕೊಟ್ಟರು. ಅವ್ವ ನಲ್ಲಿಯ ಹತ್ತಿರ ಮಾಪು ಹಿಂಡುತ್ತಿದ್ದಾಗ ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತು ಅದನ್ನು ಕೊನೆಯ ತೊಟ್ಟಿನವರೆಗೆ ಹೀರಿದೆ. ಫೋಟೊ ಬಂದಿದೆ, ಶಾಲೆಗೆ ಬಂದು ತೆಗೆದುಕೊಂಡು ಹೋಗಿ ಎಂದು ಜೂನಿನಲ್ಲಿ ಹೇಳಿಕಳಿಸಿದ್ದರು. ನಾನು ಹೋಗಲೇ ಇಲ್ಲ.

ಸಂಜೆ ನಾಲ್ಕೂವರೆಗೆ ಅವ್ವ ಬಂದಳು. ಎಂದಿನಂತೆ ಚಪ್ಪಲಿ ಗೇಟಿನಲ್ಲಿ ಬಿಟ್ಟಳು, ಮಿಂದಳು, ದೀಪ ಹಚ್ಚಿದಳು. ಕಾಲು ಮುರಿಯುತ್ತಾಳೆಂದು ನಾನು ಕಾದಿದ್ದೆ, ಅವಳು ನನ್ನ ಕಡೆ ನೋಡಲೂ ಇಲ್ಲ. ನಾನ ಕಳಿಸಿದ್ದೆ, ಬೈಯೂದಿದ್ರ ನನಗ ಬೈ ಎಂದು ಅಪ್ಪ ಅಂದ. ಅವಳು ಹಿಟ್ಟಿನ ಡಬ್ಬ ಎಳೆದುಕೊಂಡಳು. ಆ ಸುಮ್ಮನಿರುವಿಕೆಯೇ ನನ್ನನ್ನು ರೊಚ್ಚಿಗೆಬ್ಬಿಸಿತು. ಬೆಳಗಿನಿಂದ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು.

"ನಿನ್ನಿಂದ ನನ್ನ ಕುರ್ಚಿ ಹೋತು. ಎಲ್ಲಾರ ಮುಂದ ನನ್ನ ಮಾನ ಕಳದಿ. ನಾ ಚಲೋ ತೊಳದಿದ್ದೆ. ನಿನಗ ಗೊತ್ತೈತಿ ನಾ ಚಲೋ ತೊಳದಿದ್ದೆ. ನೀ ಸುಳ್ಳ ಹೇಳಿದಿ."

ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಅವ್ವ ಅಲ್ಲಿಗೆ ಬಂದಿದ್ದಳೆಂದೇ ಅವನಿಗೆ ಗೊತ್ತಿರಲಿಲ್ಲ. ಏನ ಹೇಳಾಕತ್ತಾಳ ಈಕಿ, ನೀ ಎಲ್ಲಿ ಹೋಗಿದ್ದಿ ಎಂದು ಅವಳನ್ನು ಕೇಳಿದ. ಅವ್ವ ಹಿಟ್ಟಿನ ಡಬ್ಬದ ಮುಚ್ಚಳ ತೆಗೆಯುತ್ತಿದ್ದವಳು ಕೈ ಬಿಟ್ಟಳು. ಉತ್ತರ ಕೊಟ್ಟದ್ದು ಅಪ್ಪನಿಗೆ.

"ಖರೇನ ಹೇಳ್ತಾಳ, ಸುಳ್ಳ ಹೇಳಿದಾಕಿ ನಾನು. ಚಲೋನ ತೊಳದಿದ್ಲು ರೀ. ಮೂಲಿ ಬಿಟ್ಟಿದ್ದಿಲ್ಲ, ಬಾಗಲ ಹಿಂದ ಬಿಟ್ಟಿದ್ದಿಲ್ಲ, ಒಂದ ಕಾಲಿನ ಗುರ್ತಾ ಇದ್ದಿಲ್ಲ. ನಾ ಹೆಂಗ ತೊಳೀತೀನಿ ಹಂಗ. ಇಷ್ಟ ವರ್ಷ ಮಂದೀದು ತೊಳದೀನಿ, ಎಂದೂ ಹಂಗ ಆಗಿದ್ದಿಲ್ಲ. ಆ ಚೊಕ್ಕ ನೆಲಾ ನೋಡಿ ಹೊಟ್ಟಿ ತೊಳಸಿ ಬಂತು. ಚಿಲಕಾ ಹಾಕ್ಕೊಂಡು ಅಲ್ಲೇ ವಾಂತಿ ಮಾಡಿದೆ. ಅದನ್ನ ತೊಳಿಯಾಕ ಅಷ್ಟ ಹೊತ್ತು ಹಿಡೀತು."